ಕಲ್ಲು ಬೆಳೆಯುವ ಹೊಲದಿಂದ

ಸ್ವೀಡನ್ನಿನ ಸ್ಮೋಲಾಂಡ್ ಪ್ರಾಂತ್ಯ, 1840ರ ದಶಕ. ನಿಮ್ಮ ಕಾಲ ಕೆಳಗೆ ಮಣ್ಣಿಗಿಂತ ಕಲ್ಲೇ ಹೆಚ್ಚು. ರೈತ ಕಾರ್ಲ್ ಆಸ್ಕರ್ ಬಂಡೆಯ ಅಡಿಗೆ ಹಾರೆ ತೂರಿಸಿ, ಮೈಭಾರವನ್ನೆಲ್ಲ ಹಾಕಿ ಮೀಟುತ್ತಾನೆ. ಬಂಡೆ ಅಲುಗಿ ಮತ್ತೆ ಕೂರುತ್ತದೆ. ಇಂಥದೇ ಒಂದು ಬಂಡೆ ಅವನ ಅಪ್ಪನನ್ನು ಹೆಳವನನ್ನಾಗಿಸಿದೆ. ಪೈರು ಕೈಕೊಟ್ಟರೂ ಸಾಲದ ಬಡ್ಡಿ ತಪ್ಪದು.

ಮನೆಯೊಳಗೆ ಬನ್ನಿ. ಹಸಿದ ಅವನ ಪುಟ್ಟ ಮಗಳು ಅನ್ನಾ ಇನ್ನೂ ಸರಿಯಾಗಿ ಬೇಯದ ಬಾರ್ಲಿ ಗಂಜಿಯನ್ನು ಗಬಗಬ ತಿಂದುಬಿಟ್ಟಿದ್ದಾಳೆ. ಕಾಳು ಹೊಟ್ಟೆಯಲ್ಲಿ ಉಬ್ಬುತ್ತಿದೆ. ಮಗು ನರಳುತ್ತದೆ, ಉಳಿಯುವುದಿಲ್ಲ. ಅಮೆರಿಕದ ಮಾತೆತ್ತಿದರೆ ಬೇಡವೆನ್ನುತ್ತಿದ್ದ ತಾಯಿ ಕ್ರಿಸ್ಟಿನಾ ಈಗ ಹೊರಡಲು ಒಪ್ಪುತ್ತಾಳೆ.

ಜೊತೆಗೆ ಹೊರಟವರನ್ನು ನೋಡಿ: ಒಡೆಯನ ಏಟಿಗೆ ಕಿವಿ ಕೆಡಿಸಿಕೊಂಡ, ಕಾರ್ಲ್ ಆಸ್ಕರ್‌ನ ತಮ್ಮ ರಾಬರ್ಟ್, ಮನೆಯಲ್ಲೇ ಬೈಬಲ್ ಪ್ರವಚನ ಮಾಡಿ ಪಾದ್ರಿಯ ಕೋಪಕ್ಕೆ ತುತ್ತಾದ ಡ್ಯಾನಿಯಲ್, ಊರು ದೂರವಿಟ್ಟ ಉಲ್ರಿಕಾ. ವಯಸ್ಸಾದ ಅಪ್ಪ ಅಮ್ಮ ಮಾತ್ರ ಊರಲ್ಲೇ ಉಳಿಯುತ್ತಾರೆ. ಮತ್ತೆ ಮುಖ ನೋಡುವುದಿಲ್ಲವೆಂದು ಎರಡೂ ಕಡೆಯವರಿಗೆ ಗೊತ್ತು.

'ಷಾರ್ಲೊಟಾ' ಹಡಗಿನ ಅಟ್ಟದಡಿ ಗಾಳಿಯಿಲ್ಲ. ವಾಂತಿ, ಹೇನು, ಕೊಳೆತ ನೀರಿನ ವಾಸನೆ. ಪಕ್ಕದ ಹಾಸಿಗೆಯವನು ಸತ್ತರೆ ಹೆಣ ಕಡಲಿಗೆ. ವಾರಗಳು ಉರುಳುತ್ತವೆ, ನೆಲದ ಸುಳಿವಿಲ್ಲ. ಒಂದು ರಾತ್ರಿ ಕ್ರಿಸ್ಟಿನಾಳ ಮೂಗಿನಿಂದ ರಕ್ತ ಸುರಿಯುತ್ತದೆ, ನಿಲ್ಲುವುದೇ ಇಲ್ಲ. ಕಾರ್ಲ್ ಆಸ್ಕರ್ ಅವಳ ಮುಖವನ್ನೇ ನೋಡುತ್ತಾ ಕೂತಿದ್ದಾನೆ. ಕ್ಯಾಮೆರಾ ಎಷ್ಟು ಹತ್ತಿರವಿದೆಯೆಂದರೆ ಅವಳ ಉಸಿರು ನಿಮಗೆ ತಾಗುತ್ತದೆ.

ಅವಳು ಬದುಕುತ್ತಾಳೆ. ಕೊನೆಗೆ ಮಿನ್ನೆಸೋಟಾದ ಕಾಡು, ಸರೋವರದ ದಡ. ಕಾರ್ಲ್ ಆಸ್ಕರ್ ನೆಲ ಕೆದಕಿ ಬೆರಳಿಳಿಸುತ್ತಾನೆ. ಕಲ್ಲು ತಾಗುವುದಿಲ್ಲ! ಮರದ ತೊಗಟೆ ಕೆತ್ತಿ ತನ್ನ ಹೆಸರು ಬರೆಯುತ್ತಾನೆ.

ವಿಲ್ಹೆಲ್ಮ್ ಮೊಬರ್ಗ್ ಅವರ ಕಾದಂಬರಿಗಳನ್ನು ಆಧರಿಸಿ ಯಾನ್ ಟ್ರೋಯೆಲ್ 1971ರಲ್ಲಿ ತೆರೆಗೆ ತಂದ 'ದಿ ಎಮಿಗ್ರಂಟ್ಸ್' ಚಿತ್ರದ ಕಥೆ ಇದು. ನಿರ್ದೇಶನ, ಛಾಯಾಗ್ರಹಣ, ಸಂಕಲನ ಮೂರೂ ಅವರದೇ. ಮ್ಯಾಕ್ಸ್ ವಾನ್ ಸಿಡೋ, ಲಿವ್ ಉಲ್ಮನ್ ದಂಪತಿಯಾಗಿ ನಟಿಸಿಲ್ಲ, ಬಾಳಿದ್ದಾರೆ. ಸ್ವೀಡಿಷ್ ಭಾಷೆಯ ಈ ಚಿತ್ರ ಆಸ್ಕರ್‌ನ ಅತ್ಯುತ್ತಮ ಚಿತ್ರದ ವಿಭಾಗಕ್ಕೂ ನಾಮನಿರ್ದೇಶನಗೊಂಡಿತ್ತು.

1850ರಿಂದ 1930ರವರೆಗೆ ಸುಮಾರು 12 ಲಕ್ಷ ಸ್ವೀಡಿಷರು ಅಮೆರಿಕಕ್ಕೆ ವಲಸೆ ಹೋದರು. ಆ ಅಂಕಿಯೊಳಗಿನ ಹಸಿವು, ಅವಮಾನ, ಅಗಲಿಕೆಗಳನ್ನು ಒಂದೊಂದಾಗಿ ಮುಟ್ಟಿಸುವ ಚಿತ್ರವಿದು. ವಲಸೆ ಬಂದವರ ಬಗ್ಗೆ ಹಗುರವಾಗಿ ಮಾತಾಡುವ ಮುನ್ನ ಮೂರು ತಾಸು ಬಿಡುವು ಮಾಡಿಕೊಂಡು ಇದನ್ನು ನೋಡಿ.