ತೂಬು ಮುಚ್ಚಿದ ಬಾಗಿಲು

ಹೈದರಾಬಾದಿನ ನಮ್ಮ ಓಣಿಯಲ್ಲಿ ತುಕ್ಕಿಗೆ ಮೂರು ಹೆಸರುಗಳಿವೆ. ನಾವು ತುಕ್ಕು ಎನ್ನುತ್ತೇವೆ. ಪಕ್ಕದ ಮನೆಯ ತೆಲುಗರು ತುಪ್ಪು ಎನ್ನುತ್ತಾರೆ. ‘ಡೋರ್‌ಕು ತುಪ್ಪು ಪಟ್ಟಿಂದಿ’ ಎಂದು ಅವರು ಮರುಗಿದ್ದನ್ನು ಕೇಳಿದ ಧಾರವಾಡದ ನೆಂಟರೊಬ್ಬರು, ಕಾರಿನ ಬಾಗಿಲಿಗೆ ತುಪ್ಪ ಸವರಿದವರು ಯಾರೆಂದು ಬೆರಗಾಗಿದ್ದರು. ದಖನಿ ಆಡುವವರ ಬಾಯಲ್ಲಿ ಅದು ಜಂಗ್. ಉರ್ದುವಿನಲ್ಲಿ ತುಕ್ಕಿನ ಜಂಗ್ ಒಂದಕ್ಷರದಿಂದ ಮೊದಲಾದರೆ ಯುದ್ಧದ ಜಂಗ್ ಬೇರೊಂದಕ್ಷರದಿಂದ ಮೊದಲಾಗುತ್ತದೆ. ನಮ್ಮ ಲಿಪಿಗೆ ಇಳಿದೊಡನೆ ಎರಡೂ ಒಂದಾಗಿಬಿಡುತ್ತವೆ. ಸಾಲಾರ್ ಜಂಗರ ಹೆಸರಿನಲ್ಲಿರುವುದು ಯುದ್ಧದ್ದು. ನಮ್ಮ ಕಾರಿನ ಬಾಗಿಲುಗಳಲ್ಲಿ ಇದ್ದದ್ದು ಇನ್ನೊಂದು. ಆದರೂ ಕಳೆದ ಒಂದು ವರ್ಷದ ನಮ್ಮ ಓಡಾಟವನ್ನು ನೆನೆದರೆ ಲಿಪಿಯ ಈ ಗೊಂದಲ ತೀರ ತಪ್ಪೆನಿಸುವುದಿಲ್ಲ.

ಕಾರು ನಮ್ಮ ತಂದೆಯವರದು. 1996ರಲ್ಲಿ ನೋಂದಣಿಯಾದ ಜರ್ಮನ್ ಕಾರು. ನೀರಾವರಿ ಇಲಾಖೆಯಲ್ಲಿ ಎಂಜಿನಿಯರಾಗಿದ್ದ ಅವರು ನಿವೃತ್ತಿಯ ಹಣದಲ್ಲಿ ಒಂದು ಪಾಲನ್ನು ತೆಗೆದಿಟ್ಟು, 2004ರಲ್ಲಿ ಅದನ್ನು ಎರಡನೆಯ ಕೈಯಿಂದ ಕೊಂಡರು. ಜೀವಮಾನವಿಡೀ ಇಲಾಖೆಯ ಜೀಪಿನಲ್ಲಿ ಕಾಲುವೆಯ ಏರಿಗಳ ಮೇಲೆ ಕುಲುಕಿಸಿಕೊಂಡು ಓಡಾಡಿದವರಿಗೆ ಇದ್ದ ಆಸೆ ವೇಗದ್ದಲ್ಲ, ಬಾಗಿಲಿನದು. ಆ ಕಾರಿನ ಬಾಗಿಲು ಮುಚ್ಚುವಾಗ ಧಬ್ಬೆಂದು ಒಂದೇ ಒಂದು ಗಂಭೀರವಾದ ಸದ್ದು ಬರುತ್ತಿತ್ತು. ಹಳೆಯ ವಾಡೆಯ ತಲೆಬಾಗಿಲು ಹಾಕಿದ ಹಾಗೆ. ಮಾರಲು ಬಂದವನ ಎದುರಿನಲ್ಲಿಯೇ ನಾಲ್ಕು ಬಾಗಿಲುಗಳನ್ನೂ ತೆರೆದು ಮುಚ್ಚಿ, ಎಂಜಿನ್ನನ್ನು ಆಮೇಲೆ ನೋಡಿದರಂತೆ.

ಇಂತಹ ಕಾರಿನ ವಯಸ್ಸು ಬಹಳ ಅನನುಕೂಲದ್ದು. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ನವೀಕರಿಸಬೇಕು. 2021ರಲ್ಲಿ ಬಂದ ನಿಯಮದಂತೆ ವಿಂಟೇಜ್ ಎನ್ನಿಸಿಕೊಳ್ಳಲು 50 ವರ್ಷ ಆಗಬೇಕು. ನಮ್ಮದು ಹೊಸದರ ಅನುಕೂಲವನ್ನು ಕಳೆದುಕೊಂಡು, ಪುರಾತನದ ಗೌರವವನ್ನು ಇನ್ನೂ ಪಡೆಯದೆ ನಡುವೆ ನಿಂತಿದೆ. ನಡುವಯಸ್ಸು ದಾಟಿದ ನಾವು ಮೂವರು ಮಕ್ಕಳು ಅದರ ಬಗ್ಗೆ ಮೆತ್ತಗಾಗಲು ಇದೂ ಒಂದು ಕಾರಣವಿರಬಹುದು.

2020ರ ಅಕ್ಟೋಬರ್ 13ರ ಮಳೆಯನ್ನು ಹೈದರಾಬಾದಿನವರು ಮರೆಯಲಾರರು. ಸರೂರ್‌ನಗರ ಕೆರೆಯ ಕೆಳಗಿನ ನಮ್ಮ ಬಡಾವಣೆಯಲ್ಲಿ ನೀರು ಎರಡು ದಿನ ನಿಂತಿತ್ತು. ಕಾರಿನ ಬಾಗಿಲುಗಳ ಕೆಳಗಿನ ಗೇಣುದ್ದ ಭಾಗ ಕೆಸರು ನೀರಿನಲ್ಲಿ ಮುಳುಗಿತ್ತು. ನೀರಿಳಿದ ಮೇಲೆ ತೊಳೆಸಿದೆವು, ಒಣಗಿಸಿದೆವು. ಎಂಜಿನ್ನಿನೊಳಕ್ಕೆ ನೀರು ಹೋಗಿರಲಿಲ್ಲ. ಮೂರು ಮಳೆಗಾಲ ಕಳೆದ ಮೇಲೆ ಬಾಗಿಲುಗಳ ಕೆಳಅಂಚಿನಲ್ಲಿ ಸಾಸಿವೆಯಷ್ಟು ಗುಳ್ಳೆಗಳು ಕಾಣಿಸಿಕೊಂಡವು. ಎಂಟು ತಿಂಗಳಲ್ಲಿ ಅವು ಹುರಿಗಡಲೆಯಷ್ಟಾದವು. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗವನ್ನು ಬೇಡುತ್ತದೆ. ಹಾಗಾಗಿ ಬಣ್ಣವನ್ನು ಒಳಗಿನಿಂದ ಎತ್ತಿ ಹಿಡಿಯುತ್ತದೆ. ನಮಗೆ ಕಾಣುವ ಗುಳ್ಳೆ ಅದು.

ಆದರೆ ತಂದೆಯವರು ತುಕ್ಕನ್ನು ನೋಡಿದ್ದಲ್ಲ, ಕೇಳಿದ್ದು. ಎಂಬತ್ತು ದಾಟಿದ ಮೇಲೆ ಅವರು ಕಾರು ನಡೆಸುವುದನ್ನು ಬಿಟ್ಟಿದ್ದಾರೆ. ಹಿಂದಿನ ಸೀಟಿನಲ್ಲಿ ಕುಳಿತು ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದ ಕಾರ್ಯಕ್ರಮಗಳಿಗೆ ಹೋಗಿಬರುತ್ತಾರೆ. ಒಂದು ದಿನ ಬಾಗಿಲು ಹಾಕಿದವರು ಮತ್ತೆ ತೆರೆದು, ಮತ್ತೆ ಹಾಕಿ, ಕಿವಿಗೊಟ್ಟರು. “ಒಳಗ ನೀರ ಅದ,” ಎಂದರು. ಮಳೆ ನಿಂತು ನಾಲ್ಕು ದಿನವಾಗಿತ್ತು. ಬಾಗಿಲನ್ನು ಅತ್ತಿತ್ತ ಆಡಿಸಿದರೆ ಕೊಡದಲ್ಲಿ ಅರ್ಧ ನೀರು ತುಳುಕಿದಂತೆ ಸದ್ದು ಬರುತ್ತಿತ್ತು.

ಕಾರಿನ ಬಾಗಿಲು ನೀರನ್ನು ಪೂರಾ ತಡೆಯುವಂತೆ ಕಟ್ಟಿದ್ದಲ್ಲ ಎಂಬುದು ನಮಗೆ ತಿಳಿದದ್ದು ಆಗ. ಗಾಜು ಮೇಲೆ ಕೆಳಗೆ ಆಡಬೇಕಾದುದರಿಂದ ಅದರ ಬುಡದ ರಬ್ಬರು ಎಷ್ಟು ಬಿಗಿಯಾಗಿದ್ದರೂ ಮಳೆನೀರು ಒಂದಿಷ್ಟು ಒಳಗಿಳಿದೇ ಇಳಿಯುತ್ತದೆ. ಅದು ಒಳಭಾಗದಲ್ಲಿ ಜಾರಿ, ತಳದಲ್ಲಿರುವ ಸಣ್ಣ ತೂತುಗಳಿಂದ ಹೊರಗೆ ಹೋಗಬೇಕು. ಕೆರೆಗೆ ತೂಬು ಇದ್ದಂತೆ ಬಾಗಿಲಿಗೂ ತೂಬುಗಳು. ತಂದೆಯವರು ಬಳಸಿದ್ದೂ ಇದೇ ಮಾತನ್ನು. ನಮ್ಮ ಕಾರಿನ ತೂಬುಗಳಲ್ಲಿ 2020ರ ಕೆಸರು ಒಣಗಿ ಸಿಮೆಂಟಿನಂತಾಗಿತ್ತು. ಇನ್ನೊಂದು ಕುತ್ತು ಅಂಚಿನದು. ಬಾಗಿಲಿನ ಹೊರತಗಡಿನ ಅಂಚನ್ನು ಒಳತಗಡಿನ ಮೇಲೆ, ಸೀರೆಯ ಅಂಚು ಮಡಿಸಿದ ಹಾಗೆ, ಮಡಿಸಿರುತ್ತಾರೆ. ತಳದಲ್ಲಿ ನಿಂತ ನೀರು ಆ ಮಡಿಕೆಯೊಳಕ್ಕೆ ಹೀರಿಕೊಂಡು ಹೋದರೆ ಅಲ್ಲಿ ಗಾಳಿಯಾಡದು, ಬಿಸಿಲು ತಾಕದು, ಬ್ರಷ್ಷೂ ತಲುಪದು.

ನೀರು ಬಂದೇ ಬರುತ್ತದೆ, ಹೋಗಲು ದಾರಿ ಬೇಕು ಎಂಬ ಮಾತು ಈ ಊರಿಗೆ ಹೊಸದಲ್ಲ. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ನಗರವನ್ನು ಕೊಚ್ಚಿದ ಮರುವರ್ಷ ನಿಜಾಮರ ಸರ್ಕಾರ ಕರೆಸಿಕೊಂಡದ್ದು ನಮ್ಮ ವಿಶ್ವೇಶ್ವರಯ್ಯನವರನ್ನು. ಅವರು ಪ್ರವಾಹವನ್ನು ಮೇಲೆಯೇ ತಡೆಹಿಡಿಯುವ ಜಲಾಶಯಗಳ ಯೋಜನೆಯೊಂದಿಗೆ ನಗರದ ಒಳಚರಂಡಿಯ ಯೋಜನೆಯನ್ನೂ ರೂಪಿಸಿದರು. ಉಸ್ಮಾನ್ ಸಾಗರ 1920ರಲ್ಲಿ, ಹಿಮಾಯತ್ ಸಾಗರ 1927ರಲ್ಲಿ ಮುಗಿದವು. ಊರಿನ ಜನ ಇಂದಿಗೂ ನೆನೆಯುವುದು ಕಣ್ಣಿಗೆ ಕಾಣುವ ಕೆರೆಗಳನ್ನು. ಚರಂಡಿಯನ್ನು ನೆನೆಯುವವರು ಎಂಜಿನಿಯರುಗಳು ಮಾತ್ರ. ಕಾರಿನ ವಿಷಯದಲ್ಲಿಯೂ ಎಲ್ಲರೂ ಕೇಳಿದ್ದು ಯಾವ ಬಣ್ಣ ಹೊಡೆಸುತ್ತೀರಿ ಎಂದೇ. ತಂದೆಯವರೊಬ್ಬರೇ, “ಮೊದಲ ತೂಬು ಬಿಡಸ್ರಿ, ಬಣ್ಣದ ಮಾತು ಆಮ್ಯಾಲ” ಎಂದರು.

ಬಣ್ಣದ ಮಾತನ್ನು ಮೊದಲು ಎತ್ತಿದವನು ಒಬ್ಬ ದಲ್ಲಾಳಿ. ಅವನ ಲೆಕ್ಕ ಸರಳವಾಗಿತ್ತು. ಗುಳ್ಳೆಗಳನ್ನು ಉಜ್ಜಿ, ತೂತಿದ್ದಲ್ಲಿ ಪುಟ್ಟಿ ತುಂಬಿ, ಮೇಲೆ ಬಣ್ಣ ಹೊಡೆಸಲು 15,000 ರೂಪಾಯಿ. ಕೂಡಲೇ ಮಾರಿಬಿಡುವುದು. ಕೊಳ್ಳುವವನೂ ಸಿದ್ಧನಿದ್ದ: ಚಿಕ್ಕಂದಿನಿಂದ ಇಂತಹ ಕಾರಿನ ಕನಸು ಕಂಡ, ಹೊಸದಾಗಿ ನೌಕರಿಗೆ ಸೇರಿದ ಹುಡುಗ. “ಒಂದು ಮಳೆಗಾಲ ಏನೂ ಕಾಣುವುದಿಲ್ಲ” ಎಂದು ದಲ್ಲಾಳಿ ಧೈರ್ಯ ಹೇಳಿದ. ಅವನು ಸುಳ್ಳಾಡಲಿಲ್ಲ. ಪುಟ್ಟಿ ಒಂದು ಮಳೆಗಾಲ ತಡೆಯುತ್ತದೆ; ಅದು ತಾನೇ ತೇವವನ್ನು ಹೀರುವ ವಸ್ತುವಾದುದರಿಂದ ಹಿಂದೆ ಉಳಿದ ತುಕ್ಕಿಗೆ ನೀರುಣಿಸುತ್ತ ಹೋಗಿ ಎರಡನೆಯ ಮಳೆಗಾಲದಲ್ಲಿ ಹಪ್ಪಳದಂತೆ ಏಳುತ್ತದೆ. ಆ ಹುಡುಗ ಬಂದು ಬಾಗಿಲು ತೆರೆದು ಮುಚ್ಚಿ ನೋಡಿ ನಕ್ಕಾಗ ನಮ್ಮಲ್ಲಿ ಒಬ್ಬರಿಗೂ ಅವನ ಮುಖ ನೋಡಲಾಗಲಿಲ್ಲ. ಅಂಗೈಯಗಲದ ಒಂದು ಅಯಸ್ಕಾಂತವನ್ನು ಅವನ ಕೈಗೆ ಕೊಟ್ಟು, ಕಾರು ನೋಡಲು ಹೋದಲ್ಲೆಲ್ಲ ಬಾಗಿಲಿನ ಕೆಳಅಂಚಿಗೆ ಹಿಡಿದು ನೋಡು, ಪುಟ್ಟಿ ಇದ್ದಲ್ಲಿ ಅದು ಅಂಟುವುದಿಲ್ಲ ಎಂದು ಹೇಳಿ ಕಳುಹಿಸಿದೆವು. ದಲ್ಲಾಳಿ ಮತ್ತೆ ನಮ್ಮ ಮನೆಗೆ ಬರಲಿಲ್ಲ.

ಮಾರುವುದಿಲ್ಲವಾದರೆ ಓಡಿಸಬೇಡಿ, ಹೊದಿಕೆ ಹಾಕಿ ನಿಲ್ಲಿಸಿಬಿಡಿ ಎಂಬುದು ಹಿರಿಯರ ಸಲಹೆ. ಅದಕ್ಕೆ ಉತ್ತರ ಚೌಮಹಲ್ಲಾ ಅರಮನೆಯಲ್ಲಿದೆ. 2005ರಲ್ಲಿ ಸಾರ್ವಜನಿಕರಿಗೆ ತೆರೆದ ಆ ಅರಮನೆಯಲ್ಲಿ ಹಳದಿ ಬಣ್ಣದ ಒಂದು ರೋಲ್ಸ್ ರಾಯ್ಸ್ ಸಿಲ್ವರ್ ಘೋಸ್ಟ್ ನಿಂತಿದೆ. ಲಂಡನ್ನಿನ ಬಾರ್ಕರ್ ಕಂಪನಿ ಅದರ ಮೈ ಕಟ್ಟಿತು. ಹಿಂದಿನ ಆಸನ ಸಿಂಹಾಸನದಂತೆ ಎತ್ತರವಾಗಿದೆ. ತರಿಸಲು ಹೇಳಿದ್ದ ಆರನೆಯ ನಿಜಾಮ್ ಮಹಬೂಬ್ ಅಲಿ ಖಾನ್ 1911ರಲ್ಲಿ ತೀರಿಕೊಂಡರು. ಕಾರು ಮಗ ಉಸ್ಮಾನ್ ಅಲಿ ಖಾನರ ಪಾಲಿಗೆ ಬಂತು. ಮೆರವಣಿಗೆಗಳಲ್ಲದೆ ಬೇರಾವುದಕ್ಕೂ ಹೊರಗೆ ಬಾರದ ಅದು ನಿಜಾಮರ ಆಳ್ವಿಕೆ ಮುಗಿಯುವ ಹೊತ್ತಿಗೆ ಓಡಿದ್ದು 356 ಮೈಲಿ ಮಾತ್ರವೆಂದು ಹೇಳುತ್ತಾರೆ. ಹೈದರಾಬಾದಿನಿಂದ ಬೆಂಗಳೂರಿನಷ್ಟು ದೂರ. ಅಷ್ಟು ಕಡಿಮೆ ಓಡಿದ ಕಾರು ಹೊಸದರಂತೆ ಉಳಿಯಬೇಕಿತ್ತಲ್ಲ? ಆಮೇಲೆ ದಶಕಗಳ ಕಾಲ ನಿಂತಲ್ಲೇ ನಿಂತು ಶಿಥಿಲವಾಗಿ, ಬಹುಕಾಲದ ಜೀರ್ಣೋದ್ಧಾರದ ನಂತರವೇ ಇಂದಿನ ಹೊಳಪಿಗೆ ಬಂತು. ತಂದೆಯವರನ್ನು ಕರೆದುಕೊಂಡು ಹೋದಾಗ ಅವರು ಸಿಂಹಾಸನವನ್ನು ಒಂದು ಗಳಿಗೆಯಷ್ಟೇ ನೋಡಿದರು. ಉಳಿದ ಹೊತ್ತೆಲ್ಲ ಕಟಕಟೆಯ ಆಚೆಯಿಂದ ಬಗ್ಗಿ ಬಾಗಿಲುಗಳ ಕೆಳಅಂಚನ್ನೇ ನೋಡುತ್ತಿದ್ದುದನ್ನು ಕಂಡು ಕಾವಲಿನವನಿಗೆ ಅನುಮಾನ ಬಂತು.

ಕೆಲಸ ಮಾಡಿದ್ದು ಮಲಕ್‌ಪೇಟೆಯ ಗಲ್ಲಿಯೊಂದರ ಉಸ್ತಾದ್. ಅರವತ್ತರ ಸುಮಾರಿನವರು, ಮಾತು ಕಡಿಮೆ. ಒಳಗಿನ ಹಲಗೆ ಬಿಚ್ಚಿ, ಪ್ಲಾಸ್ಟಿಕ್ ಹಾಳೆ ಸರಿಸಿ, ಟಾರ್ಚು ಹಾಕಿ ನೋಡಿ, “ಜಂಗ್ ಅಂದರ್ ಸೇ ಆಯಾ ಸಾಬ್, ಬಾಹರ್ ಖಾಲಿ ಖಬರ್ ಆಯೀ” ಎಂದರು. ತುಕ್ಕು ಒಳಗಿನಿಂದ ಬಂದದ್ದು, ಹೊರಗೆ ಬಂದದ್ದು ಸುದ್ದಿ ಮಾತ್ರ. ಮೊನೆಯಾದ ಸ್ಕ್ರೂಡ್ರೈವರಿನಿಂದ ಒತ್ತುತ್ತ ಹೋದರು. ಗಟ್ಟಿಯಾಗಿ ಕಾಣುತ್ತಿದ್ದ ತಗಡು ಮೂರು ಕಡೆ ಬಿಸ್ಕತ್ತಿನಂತೆ ಮುರಿಯಿತು. ಮೂರು ಬಾಗಿಲುಗಳನ್ನು ಉಳಿಸಬಹುದು, ಎಡಗಡೆಯ ಹಿಂಬಾಗಿಲು ಹೋಗಿದೆ ಎಂಬುದು ಅವರ ತೀರ್ಪು. ತಂದೆಯವರು ಹತ್ತಿ ಇಳಿಯುವ ಬಾಗಿಲು ಅದೇ.

ಉಳಿದ ಮೂರರ ಕೆಲಸ ಹನ್ನೊಂದು ದಿನ ಹಿಡಿಯಿತು. ಕೊಳೆತ ತಗಡನ್ನು ಒಳ್ಳೆಯ ಲೋಹ ಸಿಗುವವರೆಗೂ ಕತ್ತರಿಸಿ ತೆಗೆದು ಹೊಸ ತಗಡಿನ ತುಂಡನ್ನು ಬೆಸೆದರು. ಒಂದೇ ಎಳೆಯಾಗಿ ಬೆಸೆದರೆ ಕಾವಿಗೆ ತಗಡು ಅಲೆಯಂತೆ ಏಳುತ್ತದೆ. ಆದುದರಿಂದ ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ, ನಡುವೆ ಆರಲು ಬಿಡುವು. ಬ್ರಷ್ಷು ತಲುಪದ ಕಡೆ ತುಕ್ಕನ್ನು ಮಾರ್ಪಡಿಸುವ ದ್ರಾವಣ ಹಚ್ಚಿದರು. ರಾಣಿಗಂಜಿನಿಂದ ನಾವೇ ತಂದ ಆ ಡಬ್ಬಿಯ ಮೇಲೆ ಟ್ಯಾನಿಕ್ ಆಮ್ಲ ಎಂದಿದ್ದುದನ್ನು ಓದಿ ಖುಷಿಯಾಯಿತು. ಅಳಲೆಕಾಯಿಯಲ್ಲಿ ಇರುವುದೂ ಅದರ ಬಳಗದ್ದೇ. ನಮ್ಮ ಹಿರಿಯರು ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಬೆರೆಸಿ ಮಸಿ ಮಾಡುತ್ತಿದ್ದರು. ಅನ್ನಭೇದಿಯೆಂದರೆ ಕಬ್ಬಿಣದ ಲವಣ. ಶ್ರೀಕಾಳಹಸ್ತಿಯ ಕಲಂಕಾರಿಯವರು ತುಕ್ಕು ಹಿಡಿದ ಕಬ್ಬಿಣವನ್ನು ಬೆಲ್ಲದ ನೀರಿನಲ್ಲಿ ಹುಳಿಯಿಸಿ, ಅಳಲೆಕಾಯಿಯಲ್ಲಿ ಅದ್ದಿದ ಬಟ್ಟೆಯ ಮೇಲೆ ಅದರಿಂದ ಕಪ್ಪು ಗೆರೆ ಎಳೆಯುತ್ತಾರೆ. ಬಾಗಿಲಿನೊಳಗೆ ಕೆಂಪು ತುಕ್ಕು ನೋಡುನೋಡುತ್ತಲೇ ನೀಲಿಗಪ್ಪಾಯಿತು. ಅದು ಮಸಿಯೇ. ಅದರ ಮೇಲೆ ಎಪಾಕ್ಸಿ ಪ್ರೈಮರ್. ಬೆಸುಗೆಯ ಅಂಚುಗಳಿಗೆ ಸತುವಿನ ಪ್ರೈಮರ್. ಸತು ತಾನು ಸವೆದು ಕಬ್ಬಿಣವನ್ನು ಉಳಿಸುತ್ತದೆ. (ಬೀದರಿನ ಬಿದರಿ ಪಾತ್ರೆಗಳ ಮೂಲ ಲೋಹವೂ ಸತುವೇ ಎಂಬುದನ್ನು ಉಸ್ತಾದರಿಗೆ ಹೇಳಿದಾಗ, ತಮ್ಮ ತಾಯಿಯ ತವರು ಬೀದರ್ ಎಂದು ಅವರು ಹೇಳಿದರು. ಅಂದಿನಿಂದ ಚಹಾ ಅವರದೇ ಖರ್ಚು.) ಕೊನೆಗೆ, ಬಣ್ಣವೆಲ್ಲ ಮುಗಿದ ಮೇಲೆ, ಸಪೂರ ನಳಿಗೆಯಿಂದ ಒಳಗಿನ ಮಡಿಕೆಗಳಿಗೆ ಮೇಣ ಊದಿದರು. ಒಟ್ಟು ಖರ್ಚು ದಲ್ಲಾಳಿ ಹೇಳಿದ್ದರ ಆರು ಪಟ್ಟು.

ಹಿಂಬಾಗಿಲು ಬಂದದ್ದು ದೆಹಲಿಯ ಮಾಯಾಪುರಿಯ ಗುಜರಿಯಿಂದ. ಅಲ್ಲಿ ಡೀಸೆಲ್ ಕಾರಿಗೆ 10 ವರ್ಷ, ಪೆಟ್ರೋಲ್ ಕಾರಿಗೆ 15 ವರ್ಷ ಎಂಬ ಮಿತಿ ಬಂದ ಮೇಲೆ ಮೈ ಗಟ್ಟಿಯಾಗಿರುವ ಎಷ್ಟೋ ಕಾರುಗಳು ಗುಜರಿ ಸೇರಿದವು. ಹೀಗೆ ಅಲ್ಲಿನ ಒಬ್ಬರ ನಷ್ಟ ನಮಗೆ ಬಾಗಿಲಾಯಿತು. ಬಿಳಿಯ ಬಾಗಿಲು, ನಮ್ಮದು ಕಡುನೀಲಿ ಕಾರು. ಬಣ್ಣ ಈಗಲೇ ಬೇಡ, ಒಂದು ಮಳೆಗಾಲ ಹೀಗೆಯೇ ಇರಲಿ, ತುಕ್ಕು ಎದ್ದರೆ ಬಿಳಿಯ ಮೇಲೆ ಬೇಗ ಕಾಣುತ್ತದೆ ಎಂದರು ತಂದೆಯವರು. ಕನ್ನಡ ಸಂಘದವರು ಎಷ್ಟೇ ತಮಾಷೆ ಮಾಡಲಿ, ಅವರು ಆ ಬಿಳಿಯ ಬಾಗಿಲಿನಿಂದಲೇ ಇಳಿಯುತ್ತಾರೆ. ಅದರ ಸದ್ದು ಮಿಕ್ಕ ಮೂರರಷ್ಟು ಗಂಭೀರವಾಗಿಲ್ಲ ಎಂಬ ದೂರು ಮಾತ್ರ ಇದೆ.

2026ರಲ್ಲಿ ನೋಂದಣಿಯ ನವೀಕರಣ ಮತ್ತೆ ಬರುತ್ತದೆ. ಅಷ್ಟರಲ್ಲಿ ತಿಂಗಳಿಗೊಮ್ಮೆ ಒಂದು ಪರೀಕ್ಷೆ ನಡೆಯುತ್ತಿದೆ. ಗಾಜಿನ ಬುಡಕ್ಕೆ ಒಂದು ಚೊಂಬು ನೀರು ಸುರಿಯುವುದು, ಕೆಳಗೆ ತಟ್ಟೆ ಇಟ್ಟು ಎಷ್ಟು ಹೊತ್ತಿನಲ್ಲಿ ಎಷ್ಟು ನೀರು ಬಂತೆಂದು ಅಳೆಯುವುದು. ತಂದೆಯವರು ಕುರ್ಚಿ ಹಾಕಿಕೊಂಡು ಗಡಿಯಾರ ಹಿಡಿದಿರುತ್ತಾರೆ. ಲೆಕ್ಕ ಹಳೆಯ ಇಲಾಖೆಯ ಡೈರಿಯಲ್ಲಿ ಏರುತ್ತದೆ. ಹೋದ ಭಾನುವಾರ ಮುಂಬಾಗಿಲುಗಳು ಸರಿಯಾಗಿ ಬಿಟ್ಟವು. ಬಿಳಿಯ ಬಾಗಿಲಿನ ಮೂರನೆಯ ತೂಬು ನಿಧಾನವಾಗಿತ್ತು. ತಂತಿ ಹಾಕಿ ತಿರುವಿದಾಗ ಒಂದು ಒಣ ಬೇವಿನೆಲೆ ಹೊರಬಂತು. ದೆಹಲಿಯದೋ ಸರೂರ್‌ನಗರದ್ದೋ ಎಂದು ಸ್ವಲ್ಪ ಹೊತ್ತು ಚರ್ಚೆಯಾಯಿತು. ಆಮೇಲೆ ಇನ್ನೊಂದು ಚೊಂಬು ನೀರು ತರಲು ಹೇಳಿದರು.