ಕಡೆಯ ಸಾಲಿಗೂ ತಲುಪಿದ ನಾದ

ಬೆಂಗಳೂರಿನ ಉತ್ತರ ದಿಕ್ಕಿನಲ್ಲಿರುವ ನಮ್ಮ ಸೋಲದೇವನಹಳ್ಳಿಯ ಹೆಸರು ನಗರದ ನೀರಿನ ಚರಿತ್ರೆಯಲ್ಲಿ ಸೇರಿಹೋಗಿದೆ. ಅರ್ಕಾವತಿಗೆ ಅಡ್ಡಲಾಗಿ ಕಟ್ಟಿದ ಹೆಸರಘಟ್ಟ ಜಲಾಶಯದಿಂದ 1896ರಲ್ಲಿ ಬೆಂಗಳೂರಿಗೆ ನೀರು ಪೂರೈಕೆ ಆರಂಭವಾದಾಗ, ಆ ನೀರು ಇಟ್ಟಿಗೆಯ ಕಾಲುವೆಯಲ್ಲಿ ತಾನಾಗಿಯೇ ಹರಿದು ನಮ್ಮೂರಿನ ತನಕ ಬರುತ್ತಿತ್ತು. ಅಲ್ಲಿಂದ ಮುಂದೆ ನೆಲ ಏರು. ಹಬೆಯಂತ್ರಗಳು ಅದನ್ನು ಮೇಲೆತ್ತಿ ನೂಕಿದರೆ ಮಾತ್ರ ನಗರದ ನಲ್ಲಿಗಳಲ್ಲಿ ನೀರು. “ನೀರಾಗಲಿ, ಮಾತಾಗಲಿ, ದೂರದವನಿಗೆ ತಲುಪಿದ ಮೇಲೆ ತಾನೇ ಸಾರ್ಥಕ” ಎಂಬುದು ನಮ್ಮ ಮನೆಯ ಹಿರಿಯರ ವಾಡಿಕೆಯ ಮಾತು.

ಈ ಹಿರಿಯರು ಪ್ರಾಯದಲ್ಲಿ ಮಠದ ವಚನಗಾಯನಕ್ಕೆ ಹಾರ್ಮೋನಿಯಂ ನುಡಿಸಿದವರು. ಬಾನುಲಿಯಲ್ಲಿ ಪಿಟೀಲು ಕೇಳುತ್ತ ಊಟ ಮರೆತವರು. ಕೆಲವು ವರ್ಷಗಳಿಂದ ಕಿವಿ ಮಂದವಾಗಿ, ಕಚೇರಿಗಳಿಗೆ ಹೋಗುವುದನ್ನೇ ಬಿಟ್ಟಿದ್ದರು. “ಕೇಳಿಸದವನು ಅಲ್ಲಿ ಕುಳಿತು ಒಂದು ಜಾಗ ಹಾಳುಮಾಡುವುದೇಕೆ?” ಎನ್ನುತ್ತಿದ್ದರು. ಆದರೂ ಒಂದು ಭಾನುವಾರ ಅವರನ್ನು ಒಡಂಬಡಿಸಿ, ಮಕ್ಕಳನ್ನೂ ಕರೆದುಕೊಂಡು, ಮಲ್ಲೇಶ್ವರದ ಬಳಿಯಿರುವ ಚೌಡಯ್ಯ ಸ್ಮಾರಕ ಭವನಕ್ಕೆ ಹೊರಟೆವು. ಹೆಸರಘಟ್ಟ ರಸ್ತೆ ಹಿಡಿದು ಎಂಟನೇ ಮೈಲಿಗೆ ಬಂದು, ಯಶವಂತಪುರವನ್ನು ಹಾದು ಮಲ್ಲೇಶ್ವರ ಸೇರುವುದು ನಮ್ಮ ದಾರಿ. ಹೆಸರಘಟ್ಟದ ನೀರನ್ನು ಶೋಧಿಸಿದ ಜ್ಯುವೆಲ್ ಫಿಲ್ಟರ್ ಕೇಂದ್ರವೂ ಮಲ್ಲೇಶ್ವರದಲ್ಲಿಯೇ ಇದೆ. ನಮ್ಮೂರ ನೀರು ಹೋದ ಕಡೆಗೇ ನಾವೂ ಹೊರಟಿದ್ದೇವೆಂದು ಹಿರಿಯರು ನಕ್ಕರು.

ಬೆಂಗಳೂರಿನಲ್ಲಿ ಹೆಸರುವಾಸಿಯಾದ ಸಭಾಭವನಗಳು ಹಲವಿವೆ. 1935ರಲ್ಲಿ ಸಿದ್ಧವಾದ ಪುರಭವನವು ಎತ್ತರದ ಕಂಬಗಳ ಪಾಶ್ಚಾತ್ಯ ಶೈಲಿಯ ಕಟ್ಟಡ. ಅದು ನಮ್ಮ ಸಮಾಜದವರೇ ಆದ ಸರ್ ಕೆ. ಪಿ. ಪುಟ್ಟಣ್ಣ ಚೆಟ್ಟಿಯವರ ಹೆಸರನ್ನು ಹೊತ್ತಿದೆ. 1960ರ ದಶಕದ ರವೀಂದ್ರ ಕಲಾಕ್ಷೇತ್ರವು ಮಹಾಕವಿಯೊಬ್ಬರ ಸ್ಮರಣೆಗೆ ಮೀಸಲು. ಆದರೆ ಒಬ್ಬ ವಾದ್ಯಗಾರನ ನೆನಪಿಗಾಗಿ, ಅವನ ವಾದ್ಯದ ಆಕಾರದಲ್ಲಿಯೇ ನಿಂತ ಭವನ ಇದೊಂದೇ. ಸಂಗೀತ ಪ್ರೇಮಿಗಳಾದ ಕೆ. ಕೆ. ಮೂರ್ತಿಯವರ ಕಲ್ಪನೆ ಮತ್ತು ಪರಿಶ್ರಮದಿಂದ 1980ರಲ್ಲಿ ಇದು ಲೋಕಾರ್ಪಣೆಗೊಂಡಿತು. ಹೊರಗಿನಿಂದ ನೋಡಿದರೆ ಪಿಟೀಲಿನ ಒಡಲು, ಕುದುರೆ, ತಂತಿಗಳು, ಬಿರಟೆಗಳು, ಪಕ್ಕದಲ್ಲಿ ಕಮಾನು ಎಲ್ಲವೂ ಕಟ್ಟಡದ ಅಂಗಗಳಾಗಿಯೇ ಕಾಣುತ್ತವೆ. ಒಳಗೆ ಸಾವಿರಕ್ಕೂ ಹೆಚ್ಚು ಜನ ಕುಳಿತು ಕೇಳಬಹುದು. ಪಿಟೀಲಿನಲ್ಲಿ ನಾದವನ್ನು ತುಂಬಿಕೊಡುವುದು ಅದರ ಪೊಳ್ಳು ಒಡಲು. ಇಲ್ಲಿ ಶ್ರೋತೃಗಳು ಆ ಒಡಲಿನೊಳಗೇ ಕುಳಿತಿರುತ್ತಾರೆ. ದೇಹವನ್ನೇ ದೇಗುಲವೆಂದೂ, ದೇಹವನ್ನೇ ವಾದ್ಯವೆಂದೂ ಕಂಡ ಶರಣರ ಪರಂಪರೆಯ ನಮಗೆ ಈ ಕಲ್ಪನೆ ಅಪರಿಚಿತವೆನಿಸಲಿಲ್ಲ.

“ಕಟ್ಟಡಕ್ಕೆ ಪಿಟೀಲಿನ ಆಕಾರವೇ ಏಕೆ?” ಎಂದು ಮಕ್ಕಳು ಕೇಳಿದರು. ಹಿರಿಯರು ಮೆಟ್ಟಿಲ ಬಳಿ ನಿಂತೇ ಚೌಡಯ್ಯನವರ ಕಥೆ ಹೇಳಿದರು. ಕಾವೇರಿ ಮತ್ತು ಕಪಿಲೆ ಕೂಡುವ ತಿರುಮಕೂಡಲು ಅವರ ಊರು. ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರ ಬಳಿ ದೀರ್ಘಕಾಲ ಗುರುಕುಲವಾಸ ಮಾಡಿ, ಕಠಿಣ ಶಿಸ್ತಿನಲ್ಲಿ ಕಲಿತರು. ಆ ಗುರುಗಳು ಮೈಸೂರಿನಲ್ಲಿ ಪ್ರಸನ್ನ ಸೀತಾರಾಮ ಮಂದಿರವನ್ನು ಕಟ್ಟಿಸಿ, ಸಂಗೀತಕ್ಕೊಂದು ನೆಲೆ ಮಾಡಿಕೊಟ್ಟವರು. ಶಿಷ್ಯರ ಕೀರ್ತಿ ದಕ್ಷಿಣ ದೇಶವನ್ನೆಲ್ಲ ವ್ಯಾಪಿಸಿತು. ಚೆಂಬೈ ವೈದ್ಯನಾಥ ಭಾಗವತರಂಥ ದಿಗ್ಗಜರ ಗಾಯನಕ್ಕೆ ಅವರ ಪಿಟೀಲು ಆಸರೆಯಾಯಿತು. 1957ರಲ್ಲಿ ಮದರಾಸಿನ ಸಂಗೀತ ವಿದ್ವತ್ಸಭೆಯ ಸಂಗೀತ ಕಲಾನಿಧಿ ಬಿರುದು ಅವರಿಗೆ ಸಂದಿತು. 1967ರಲ್ಲಿ ಅವರು ಕಾಲವಾದರು.

ಇವೆಲ್ಲಕ್ಕಿಂತ ಮಿಗಿಲಾದುದು ಅವರ ಏಳು ತಂತಿಯ ಪಿಟೀಲು. ಅವರು ಕಚೇರಿ ಆರಂಭಿಸಿದ ಕಾಲದಲ್ಲಿ ಧ್ವನಿವರ್ಧಕಗಳಿರಲಿಲ್ಲ. ದೊಡ್ಡ ಸಭೆಗಳಲ್ಲಿ ನಾಲ್ಕು ತಂತಿಯ ಪಿಟೀಲಿನ ದನಿ ಹಿಂದಿನ ಸಾಲುಗಳಿಗೆ ತಲುಪುತ್ತಿರಲಿಲ್ಲ. ಇದನ್ನು ಮನಗಂಡ ಚೌಡಯ್ಯನವರು 1920ರ ದಶಕದಲ್ಲಿ ಇನ್ನೂ ಮೂರು ತಂತಿಗಳನ್ನು ಜೊತೆಗೂಡಿಸಿದರು. ಜೊತೆ ತಂತಿಗಳು ಒಟ್ಟಿಗೆ ನುಡಿದಾಗ ನಾದಕ್ಕೆ ಗಾತ್ರವೂ ಗಾಂಭೀರ್ಯವೂ ಬಂದವು. ತಂತಿ ಹೆಚ್ಚಿದಷ್ಟೂ ಶ್ರುತಿ ಕೂಡಿಸುವ ಶ್ರಮ ಹೆಚ್ಚು, ಕಮಾನಿನ ಮೇಲಿನ ಹಿಡಿತವೂ ಕಠಿಣ. ಆ ಕಷ್ಟವನ್ನೆಲ್ಲ ಅವರು ತಮ್ಮ ಮೇಲೆ ಹಾಕಿಕೊಂಡದ್ದು ಹಿಂದೆ ಕುಳಿತ ಶ್ರೋತೃವಿಗಾಗಿ. ಮುಂದಿನ ಸಾಲಿನವರಿಗೆ ನಾಲ್ಕೇ ತಂತಿ ಸಾಕಾಗಿತ್ತು.

ಕಥೆ ಮುಗಿಸಿದ ಹಿರಿಯರು ಒಳಗೆ ಬಂದವರೇ ನೇರವಾಗಿ ಕಡೆಯ ಸಾಲಿಗೆ ನಡೆದರು. ಮುಂದೆ ಕುಳಿತರೆ ಚೆನ್ನಾಗಿ ಕೇಳಿಸುವುದೆಂದು ನಾವು ಎಷ್ಟು ಹೇಳಿದರೂ ಒಪ್ಪಲಿಲ್ಲ. “ಆತ ಯಾರಿಗಾಗಿ ಮೂರು ತಂತಿ ಸೇರಿಸಿದನೋ ಅವರ ಜಾಗದಲ್ಲಿ ಕೂರುತ್ತೇನೆ” ಎಂದರು. ಅಂದು ಪಿಟೀಲು ಕಚೇರಿ. ವಾದಕರು ತಂಬೂರಿಯ ಶ್ರುತಿಗೆ ಹೊಂದಿಸಿಕೊಂಡು ಕಲ್ಯಾಣಿ ರಾಗದ ಆಲಾಪನೆಯನ್ನು ಮೆಲ್ಲನೆ ಎತ್ತಿಕೊಂಡರು. ಹಿರಿಯರು ಕಣ್ಣು ಮುಚ್ಚಿದ್ದರು. ನಿದ್ದೆ ಬಂದಿರಬಹುದೆಂದು ನಾವು ಅಳುಕಿದೆವು. ಸ್ವಲ್ಪ ಹೊತ್ತಿನಲ್ಲಿ ಅವರ ಬಲಗೈ ಬೆರಳುಗಳು ತೊಡೆಯ ಮೇಲೆ, ಹಾರ್ಮೋನಿಯಂ ಮನೆಗಳ ಮೇಲೆ ಓಡಾಡಿದಂತೆ, ಚಲಿಸತೊಡಗಿದವು. ಆಲಾಪನೆ ಮುಗಿದಾಗ ಅವರು ನಮ್ಮ ಕಡೆ ತಿರುಗಿ, “ಬಂತು, ಇಲ್ಲಿಗೂ ಬಂತು” ಎಂದಷ್ಟೇ ಹೇಳಿದರು. ಹೊರಡುವ ತನಕ ಮತ್ತೆ ಮಾತಾಡಲಿಲ್ಲ.

ಸಂಗೀತ, ನಾಟಕ, ಚಲನಚಿತ್ರ ಪ್ರದರ್ಶನ, ಶಾಲಾ ಸಮಾರಂಭ ಎಲ್ಲಕ್ಕೂ ಇಂದು ಈ ಭವನ ಆಶ್ರಯ ನೀಡಿದೆ. ಅದರ ಮುಂದೆ ನಿತ್ಯ ಓಡಾಡುವ ಎಷ್ಟೋ ಜನರಿಗೆ ಅದು ವಿಚಿತ್ರ ಆಕಾರದ ಕಟ್ಟಡ ಮಾತ್ರ. ಆ ಆಕಾರದ ಅರ್ಥವನ್ನು ಮಕ್ಕಳಿಗೆ ತಿಳಿಸಿಕೊಡುವುದು ಹಿರಿಯರ ಕರ್ತವ್ಯವೆಂದು ನಾವು ಭಾವಿಸುತ್ತೇವೆ. ಕಲ್ಲುಗಾರೆಯ ಪಿಟೀಲು ತಾನಾಗಿ ನುಡಿಯದು. ನುಡಿಸುವವರೂ ಕೇಳುವವರೂ ಕೂಡಿದಾಗಲೇ ಅದಕ್ಕೆ ಜೀವ.

ಮರಳಿ ಊರು ಸೇರುವ ಹೊತ್ತಿಗೆ ಕತ್ತಲಾಗಿತ್ತು. ಮರುದಿನ ಬೆಳಿಗ್ಗೆ ಶಿವಪೂಜೆಯ ತರುವಾಯ ಹಿರಿಯರು ಅಟ್ಟದಲ್ಲಿದ್ದ ಹಾರ್ಮೋನಿಯಂ ಪೆಟ್ಟಿಗೆಯನ್ನು ಕೆಳಗಿಳಿಸಲು ಹೇಳಿದರು. ಧೂಳು ಒರೆಸಿ, ತಿದಿಯೊತ್ತಿ, ಮಕ್ಕಳಲ್ಲಿ ಕಿರಿಯಳನ್ನು ಪಡಸಾಲೆಯ ಕಡೆಯ ಮೂಲೆಯಲ್ಲಿ ಕೂರಿಸಿದರು. ಬಳಿಕ ಅವಳನ್ನು ಕೇಳಿದರು: “ಅಲ್ಲಿಗೆ ಕೇಳಿಸುತ್ತದೆಯೇ, ತಾಯಿ?”