ಅಪ್ಪು, ತಬ್ಬು ಮತ್ತು ಒಂದು ಕಟ್ಟು ಹಪ್ಪಳ

ರೈಲು ನಿಲ್ದಾಣದಲ್ಲಿ ನನ್ನನ್ನು ಕಂಡವನೇ ಸೋದರಳಿಯ "ಮಾಮಾ, ಒಂದು ಹಗ್!" ಎಂದು ಮೇಲೆ ಬಿದ್ದ. ಅವನಿಗೆಂದೇ ಎದೆಗವಚಿ ತಂದಿದ್ದ ಹಲಸಿನ ಹಪ್ಪಳದ ಕಟ್ಟು ನಮ್ಮಿಬ್ಬರ ನಡುವೆ ಸಿಕ್ಕಿ ಚಟಚಟ ಅಂದಿತು. ಹಗ್‌ಗೆ ಇನ್ನೊಂದು ಗಕಾರ ಕೂಡಿಸಿದರೆ ಹಗ್ಗ. ಬಿಡಿಸಿಕೊಳ್ಳಲು ಪಟ್ಟ ಪಾಡೂ ಹಾಗೇ ಇತ್ತೆನ್ನಿ. ನಮ್ಮ ಕಡೆ ಊರಿಂದ ಬಂದವರನ್ನು ಯಾರೂ ಅಪ್ಪುತ್ತಿರಲಿಲ್ಲ. ಒಂದು ಚೊಂಬು ನೀರು, ಒಂದು ಚೂರು ಬೆಲ್ಲ, "ಈಗ ಬಂದ್ಯಾ?" ಎಂಬೊಂದು ಮಾತು. ಅಷ್ಟರಲ್ಲೇ ಎಲ್ಲ ಮುಗಿಯುತ್ತಿತ್ತು.

ಅಪ್ಪುವುದರಲ್ಲಿ ಇಷ್ಟು ಜಿಪುಣರಾದ ನಮಗೆ ಅದಕ್ಕಿರುವ ಮಾತುಗಳಿಗೇನೂ ಬರವಿಲ್ಲ. ಮಗುವನ್ನು ತಬ್ಬುತ್ತೇವೆ; ಚಳಿಯಾದರೆ ಅವಚಿಕೊಳ್ಳುತ್ತೇವೆ. ತೆಕ್ಕೆ ಎಂದರೆ ಹಾವುಗಳೋ ಪೈಲ್ವಾನರೋ ಕಣ್ಣಿಗೆ ಕಟ್ಟುತ್ತಾರೆ. ಆಲಿಂಗನಕ್ಕಂತೂ ಕಿರೀಟ, ಭುಜಕೀರ್ತಿ ಬೇಕು. ಅದೂ ಧೃತರಾಷ್ಟ್ರನದಾದರೆ ಎದುರಿಗೆ ಕಬ್ಬಿಣದ ಭೀಮನನ್ನು ನಿಲ್ಲಿಸುವುದೇ ಕ್ಷೇಮ. ತಬ್ಬುವವರಿಲ್ಲದವನೇ ತಬ್ಬಲಿ ಎಂದು ನಾನು ಬಹುಕಾಲ ನಂಬಿದ್ದೆ. ಪಂಡಿತರು ಒಪ್ಪಲಾರರು, ಪುಣ್ಯಕೋಟಿಯ ಕರು ಒಪ್ಪೀತು.

ನನಗೆ ಪ್ರಿಯವಾದದ್ದು 'ಅಪ್ಪು'. ಈ ಹೆಸರು ಕೇಳಿದರೆ ನಾಡಿಗೆಲ್ಲ ನೆನಪಾಗುವುದು ಪುನೀತ್ ರಾಜ್‌ಕುಮಾರ್. ಅದು ಬೇರೆ ಪ್ರೀತಿ. ನಮ್ಮ ಪತ್ರಿಕೆಗಳಲ್ಲಿ ಮಾತ್ರ ಈ ಬಡಪಾಯಿ ಕ್ರಿಯಾಪದ ದಿನಾ ಸಾವಿನ ಜೊತೆಗೇ ಕಾಣಿಸಿಕೊಳ್ಳುತ್ತದೆ: ಲಾರಿ ಗುದ್ದಿದರೂ 'ಸಾವನ್ನಪ್ಪಿದರು'! ಪಾಪ, ಯಾರು ತೋಳು ಚಾಚಿ ಹೋಗಿದ್ದರು?

ಗಡಿ ದಾಟಿ ತಮಿಳಿಗೆ ಹೋದರೆ ಇದೇ ಅಪ್ಪುವಿಗೆ ಅಂಗೈಯಲ್ಲಿ ದಪ್ಪಗೆ ಮೆತ್ತುವುದು ಎಂದರ್ಥ. ಗಂಧವನ್ನು ಮೈಗೆ 'ಅಪ್ಪು'ತ್ತಾರೆ. ಅಂದರೆ ಅಪ್ಪುಗೆಯೂ ಒಂದು ಬಗೆಯ ಮೆತ್ತುಗೆಯೇ? 1973ರಲ್ಲಿ ಹಿಮಾಲಯದ ಚಮೋಲಿಯವರು ಮರಗಳಿಗೆ ತೆಕ್ಕೆಹಾಯ್ದು ನಿಂತಾಗ ಅದಕ್ಕೆ ಬಿದ್ದ ಹೆಸರು ಚಿಪ್ಕೋ, ಅಂಟಿಕೋ ಎಂದು. ಹತ್ತು ವರ್ಷದ ಮೇಲೆ, 1983ರ ಸೆಪ್ಟೆಂಬರಿನಲ್ಲಿ, ಶಿರಸಿಯ ಸಾಲ್ಕಣಿಯವರು ಕಳಸೆ ಕಾಡಿಗೆ ನಡೆದು ಕೊಡಲಿಗೂ ಮರಕ್ಕೂ ನಡುವೆ ನಿಂತರು. ಅವರೇನೂ 'ಅಂಟಿಕೋ' ಎನ್ನಲಿಲ್ಲ, 'ಅಪ್ಪಿಕೋ' ಎಂದರು. ಅಂಟು ಹೋಗಿ ಅಕ್ಕರೆ ಬಂತಲ್ಲ ಎಂದು ನಾನು ಹಿಗ್ಗಿದ್ದೆ. ಆದರೆ ತಮಿಳಿನ ಆ ಗಂಧದ ಅಂಗೈ ನೆನಪಾದಾಗಿನಿಂದ ಎರಡೂ ಒಂದೇ ಇರಬಹುದೆಂಬ ಗುಮಾನಿ.

ಗುಮಾನಿ ತೀರಿಸಿಕೊಳ್ಳಲು ಮೊನ್ನೆ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಹಿತ್ತಲಿನ ಹಲಸಿನ ಮರವನ್ನು ಅಪ್ಪಿದೆ. ತೋಳು ಅರ್ಧ ಸುತ್ತಿಗೂ ಸಾಲಲಿಲ್ಲ. ತೊಗಟೆ ಕೆನ್ನೆಗೆ ಒರಟು, ಆದರೆ ತಣ್ಣಗೆ. ಒಂದಿಷ್ಟು ಹೊತ್ತು ಹಾಗೇ ನಿಂತೆ. ಕಾಯಿ ಕೊಯ್ದ ಜಾಗದಿಂದ ಮೇಣ ಇಳಿದಿದ್ದದ್ದು ಬಿಡಿಸಿಕೊಳ್ಳುವಾಗಲೇ ಗೊತ್ತಾದದ್ದು. ಹೆಂಡತಿ ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಿಯೇ ಉಜ್ಜಿದಳು. ಅಂಗಿಯ ಎದೆಯ ಮೇಲೆ ಕಲೆ ಇನ್ನೂ ಇದೆ.